ಆನ್‌ಲೈನ್ ಚೀಟಿ ಹರಾಜು: ಒಬ್ಬೊಬ್ಬರ ಸ್ಕ್ರೀನಿನಲ್ಲಿ ಒಂದೊಂದು ಟೈಮ್, ಏನು ಮಾಡುವುದು?

ರಾಜಾಜಿನಗರ_ಕೋಡರ್
ನಮ್ಮ ಚಿಕ್ಕಪ್ಪ ಒಂದು ಸಣ್ಣ ಚೀಟಿ ಕಂಪನಿ ನಡೆಸುತ್ತಾರೆ. ರಿಜಿಸ್ಟರ್ ಆಗಿದೆ, ಆ ಪ್ರಶ್ನೆ ಬೇಡ. ಮೊದಲೆಲ್ಲ ತಿಂಗಳಿಗೊಂದು ಭಾನುವಾರ ಎಲ್ಲರೂ ಆಫೀಸಿಗೇ ಬಂದು ಚೀಟಿ ಕೂಗುತ್ತಿದ್ದರು. ಈಗ ಅರ್ಧ ಜನ ವೈಟ್‌ಫೀಲ್ಡ್, ಸರ್ಜಾಪುರ ರಸ್ತೆ ಕಡೆ ಹೋಗಿಬಿಟ್ಟಿದ್ದಾರೆ. ಇಬ್ಬರು ಶಾರ್ಜಾದಲ್ಲಿದ್ದಾರೆ. ಅದಕ್ಕೆ ಒಂದು ವೆಬ್ ಆ್ಯಪ್ ಬರೆದುಕೊಟ್ಟೆ. ಐದು ನಿಮಿಷದ ಕೌಂಟ್‌ಡೌನ್. ಅಷ್ಟರಲ್ಲಿ ಯಾರು ಜಾಸ್ತಿ ದುಡ್ಡು ಬಿಟ್ಟುಕೊಡಲು ಒಪ್ಪುತ್ತಾರೋ ಅವರಿಗೆ ಆ ತಿಂಗಳ ಚೀಟಿ.

ಕಳೆದ ತಿಂಗಳು ದೊಡ್ಡ ಜಗಳ ಆಯಿತು. ಒಬ್ಬ ಆಂಟಿ ತಮ್ಮ ಸ್ಕ್ರೀನಿನಲ್ಲಿ ಇನ್ನೂ ನಾಲ್ಕು ಸೆಕೆಂಡ್ ಇತ್ತು, ಬಟನ್ ಒತ್ತಿದೆ ಅನ್ನುತ್ತಾರೆ. ಸರ್ವರ್ ‘ಹರಾಜು ಮುಗಿದಿದೆ’ ಅಂದಿದೆ. ಅವರು ಸ್ಕ್ರೀನ್‌ಶಾಟ್ ಬೇರೆ ತೆಗೆದಿದ್ದಾರೆ! ಶಾರ್ಜಾದವರ ಸ್ಕ್ರೀನಿನಲ್ಲಿ ಹರಾಜು ಶುರುವೇ ಆಗಿರಲಿಲ್ಲವಂತೆ.

ಸರ್ವರ್ ಮುಗಿಯುವ ಸಮಯವನ್ನು ಕಳಿಸುತ್ತದೆ. ಬ್ರೌಸರ್ ತನ್ನ ಡೇಟ್.ನೌ, ಅಂದರೆ ಆ ಕಂಪ್ಯೂಟರಿನ ಈಗಿನ ಟೈಮ್, ಅದರಿಂದ ಕಳೆದು ಉಳಿದ ಸೆಕೆಂಡ್ ತೋರಿಸುತ್ತದೆ. ಎಲ್ಲರ ಕಂಪ್ಯೂಟರನ್ನೂ ಒಂದೇ ಟೈಮಿಗೆ ತರುವುದು ಹೇಗೆ? ಬ್ರೌಸರ್ ಒಳಗೇ ಎನ್‌ಟಿಪಿ (ಕಂಪ್ಯೂಟರುಗಳು ನೆಟ್ ಮೂಲಕ ಟೈಮ್ ಸರಿಮಾಡಿಕೊಳ್ಳುವ ಪದ್ಧತಿ) ಓಡಿಸಬಹುದಾ?

ಸುಮ್ನೆ_ಬಂದೆ
ಎಲ್ಲರಿಗೂ ಫೋನಿನಲ್ಲಿ ‘ಆಟೋಮ್ಯಾಟಿಕ್ ಟೈಮ್’ ಆನ್ ಮಾಡಿಕೊಳ್ಳಿ ಅನ್ನಿ. ಮುಗಿಯಿತು.

ಎಸ್‌ಪಿ_ರೋಡ್_ಹಾರ್ಡ್‌ವೇರ್
@ಸುಮ್ನೆ_ಬಂದೆ ಅಷ್ಟು ಸುಲಭ ಇದ್ದಿದ್ದರೆ ನಮ್ಮ ಅಂಗಡಿ ಅರ್ಧ ಖಾಲಿ ಇರುತ್ತಿತ್ತು. ವಾರಕ್ಕೆ ಎಷ್ಟೋ ಜನ ‘ಇಂಟರ್ನೆಟ್ ಬರುತ್ತಿಲ್ಲ, ಎಲ್ಲ ಸೈಟಿನಲ್ಲೂ ಸೆಕ್ಯುರಿಟಿ ಎರರ್’ ಅಂತ ಹಳೇ ಪಿಸಿ ಹೊತ್ತು ತರುತ್ತಾರೆ. ತೆರೆದು ನೋಡಿದರೆ ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿ ಸತ್ತಿರುತ್ತದೆ. ಪ್ಲಗ್ ತೆಗೆದಾಗಲೆಲ್ಲ ತಾರೀಕು ಹಿಂದಕ್ಕೆ ಹೋಗುತ್ತದೆ. ಸೈಟಿನ ಗುರುತು ಖಚಿತಪಡಿಸುವ ಸರ್ಟಿಫಿಕೇಟಿನ ತಾರೀಕು ತಾಳೆ ಆಗದೆ ಬ್ರೌಸರ್ ಬಾಗಿಲು ಹಾಕುತ್ತದೆ.

ಬ್ಯಾಟರಿ ಸರಿ ಇದ್ದರೂ ಒಳಗಿರುವುದು ಅಗ್ಗದ ಕ್ವಾರ್ಟ್ಜ್ ಹರಳು. ಹತ್ತು ಲಕ್ಷಕ್ಕೆ 20 ಭಾಗ ಆಚೀಚೆ ಆದರೂ ದಿನಕ್ಕೆ 1.7 ಸೆಕೆಂಡ್ ವ್ಯತ್ಯಾಸ. ವಾರ ಬಿಟ್ಟರೆ ಹನ್ನೆರಡು ಸೆಕೆಂಡ್. ಆ ಆಂಟಿಯ ನಾಲ್ಕು ಸೆಕೆಂಡ್ ಏನೇನೂ ಅಲ್ಲ.

ಜಯನಗರ_4ನೇ_ಬ್ಲಾಕ್
ಶಾರ್ಜಾ ಅಂದಮೇಲೆ ಇದು ಟೈಮ್ ಝೋನ್ ಸಮಸ್ಯೆ. ಎಲ್ಲವನ್ನೂ ಯುಟಿಸಿಗೆ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಟೈಮಿಗೆ, ಬದಲಾಯಿಸಿ.

ಬನಶಂಕರಿ_ಬ್ಯಾಕೆಂಡ್
@ಜಯನಗರ_4ನೇ_ಬ್ಲಾಕ್ ಅಲ್ಲ ಸರ್. ಡೇಟ್.ನೌ ಕೊಡುವುದೇ 1970ರ ಜನವರಿ 1ರಿಂದ ಆದ ಮಿಲಿಸೆಕೆಂಡ್. ಅದರಲ್ಲಿ ಝೋನ್ ಅನ್ನುವುದೇ ಇಲ್ಲ. ಬೆಂಗಳೂರು, ಶಾರ್ಜಾ, ಬಾಸ್ಟನ್, ಎಲ್ಲ ಕಡೆ ಒಂದೇ ಸಂಖ್ಯೆ ಬರಬೇಕು.

ಆದರೆ ಶಾರ್ಜಾದಲ್ಲಿ ಏನಾಗಿರಬಹುದು ಅಂತ ಊಹಿಸಬಲ್ಲೆ. ಅಲ್ಲಿ ನಮಗಿಂತ ಒಂದೂವರೆ ಗಂಟೆ ಹಿಂದೆ. ಊರಿಂದ ಲ್ಯಾಪ್‌ಟಾಪ್ ತೆಗೆದುಕೊಂಡು ಹೋದವರು ಝೋನ್ ಬದಲಾಯಿಸದೆ, ಗಡಿಯಾರದ ಮುಳ್ಳು ತಿರುಗಿಸಿದ ಹಾಗೆ ಟೈಮನ್ನೇ ಒಂದೂವರೆ ಗಂಟೆ ಹಿಂದಕ್ಕೆ ಇಟ್ಟುಕೊಳ್ಳುತ್ತಾರೆ. ನೋಡಲು ಸರಿ ಕಾಣುತ್ತದೆ. ಒಳಗಿನ ಯುಟಿಸಿ ಮಾತ್ರ ಒಂದೂವರೆ ಗಂಟೆ ತಪ್ಪಾಗಿರುತ್ತದೆ.

ರಾಜಾಜಿನಗರ_ಕೋಡರ್
@ಬನಶಂಕರಿ_ಬ್ಯಾಕೆಂಡ್ ಈಗಷ್ಟೇ ಅವರಿಗೆ ಫೋನ್ ಮಾಡಿ ಕೇಳಿದೆ. ಹೌದಂತೆ, ಹಾಗೇ ಇಟ್ಟಿದ್ದಾರಂತೆ. ‘ಸರಿಯಾಗೇ ತೋರಿಸುತ್ತಿದೆಯಲ್ಲಪ್ಪ’ ಅಂತ ನನಗೇ ಬೈದರು.

ಪೋರ್ಟ್_123
ನಿಮ್ಮ ಮೂಲ ಪ್ರಶ್ನೆಗೆ ಬರುತ್ತೇನೆ. ಬ್ರೌಸರಿನಲ್ಲಿ ಎನ್‌ಟಿಪಿ ಓಡುವುದಿಲ್ಲ. ಅದಕ್ಕೆ ಯುಡಿಪಿ ಅನ್ನುವ ನೆಟ್‌ವರ್ಕ್ ವಿಧಾನ, ಪೋರ್ಟ್ 123 ಬೇಕು. ವೆಬ್ ಪುಟದ ಜಾವಾಸ್ಕ್ರಿಪ್ಟಿಗೆ ಹಾಗೆ ನೇರವಾಗಿ ಯುಡಿಪಿ ಕಳಿಸಲು ಬಿಡುವುದಿಲ್ಲ. ಬಿಟ್ಟರೂ ಪ್ರಯೋಜನ ಇಲ್ಲ, ಇನ್ನೊಬ್ಬರ ಕಂಪ್ಯೂಟರಿನ ಗಡಿಯಾರ ಬದಲಾಯಿಸುವ ಹಕ್ಕು ವೆಬ್ ಪುಟಕ್ಕಿಲ್ಲ.

ಹಾಗಾಗಿ ಅವರ ಗಡಿಯಾರ ಸರಿಮಾಡುವ ಯೋಚನೆ ಬಿಡಿ. ಅದು ಎಷ್ಟು ತಪ್ಪಾಗಿದೆ ಅಂತ ಅಳೆದು, ಅಷ್ಟನ್ನು ಲೆಕ್ಕದಲ್ಲಿ ಸೇರಿಸಿಕೊಳ್ಳಿ. ಎನ್‌ಟಿಪಿಯ ಉಪಾಯವನ್ನೇ ನಿಮ್ಮ ವೆಬ್‌ಸಾಕೆಟ್ (ಬ್ರೌಸರ್, ಸರ್ವರ್ ನಡುವೆ ತೆರೆದೇ ಇರುವ ಸಂಪರ್ಕ) ಮೇಲೆ ಮಾಡಿದರಾಯಿತು. ಅಮೆರಿಕದ ಡೇವಿಡ್ ಮಿಲ್ಸ್ 1985ರಲ್ಲಿ ಎನ್‌ಟಿಪಿ ಕೊಟ್ಟರು. ಅದರ ಗಣಿತ ಹೈಸ್ಕೂಲ್ ಮಟ್ಟದ್ದು.

ಉದಾಹರಣೆ ನೋಡಿ. ಫೋನ್ ತನ್ನ ಗಡಿಯಾರದಲ್ಲಿ 0 ಮಿಲಿಸೆಕೆಂಡ್ ಇದ್ದಾಗ ಪಿಂಗ್, ಅಂದರೆ ಒಂದು ಚಿಕ್ಕ ಸಂದೇಶ, ಕಳಿಸುತ್ತದೆ. ಸರ್ವರಿಗೆ ಅದು ಮುಟ್ಟಿದಾಗ ಸರ್ವರಿನ ಗಡಿಯಾರದಲ್ಲಿ 3050. ಸರ್ವರ್ 3060ಕ್ಕೆ ಉತ್ತರ ಕಳಿಸುತ್ತದೆ. ಫೋನಿಗೆ ಉತ್ತರ ಬಂದಾಗ ಅದರ ಗಡಿಯಾರದಲ್ಲಿ 110. ಒಟ್ಟು 110 ಆಯಿತು, ಅದರಲ್ಲಿ ಸರ್ವರ್ ತೆಗೆದುಕೊಂಡದ್ದು 10, ದಾರಿಯಲ್ಲಿ ಕಳೆದದ್ದು 100. ಹೋಗುವಾಗಿನ ವ್ಯತ್ಯಾಸ 3050, ಬರುವಾಗಿನದು 3060ರಲ್ಲಿ 110 ಕಳೆದರೆ 2950. ಎರಡರ ಸರಾಸರಿ 3000. ಅಂದರೆ ಈ ಫೋನ್ ಸರ್ವರಿಗಿಂತ ಮೂರು ಸೆಕೆಂಡ್ ಹಿಂದಿದೆ. ಇನ್ನು ಮೇಲೆ ಟೈಮ್ ನೋಡುವಾಗಲೆಲ್ಲ 3000 ಕೂಡಿಸಿ.

ಹೋಗುವ ದಾರಿ, ಬರುವ ದಾರಿ ಎರಡಕ್ಕೂ ಸಮ ಹೊತ್ತು ಹಿಡಿಯುತ್ತದೆ ಅನ್ನುವ ನಂಬಿಕೆ ಮೇಲೆ ಈ ಲೆಕ್ಕ ನಿಂತಿದೆ. ಅದು ನಿಜ ಇರಬೇಕೆಂದಿಲ್ಲ. ಆದರೆ ಎಷ್ಟೇ ಕೆಟ್ಟರೂ ತಪ್ಪು ದಾರಿಯ ಸಮಯದ ಅರ್ಧಕ್ಕಿಂತ ಜಾಸ್ತಿ ಆಗಲಾರದು. ಇಲ್ಲಿ 50 ಮಿಲಿಸೆಕೆಂಡ್. ನಾಲ್ಕು ಸೆಕೆಂಡ್ ಜಗಳಕ್ಕೆ ಇದು ಧಾರಾಳ ಸಾಕು.

ಕೆಂಗೇರಿ_ಫ್ರಂಟೆಂಡ್
ಇಷ್ಟೆಲ್ಲ ಯಾಕೆ? ಸರ್ವರಿನ ಪ್ರತಿ ಎಚ್‌ಟಿಟಿಪಿ ಉತ್ತರದಲ್ಲೂ ಅದರ ಟೈಮ್ ಹೇಳುವ ಡೇಟ್ ಹೆಡರ್ ಬರುತ್ತದೆ. ಅದನ್ನೇ ಓದಿಕೊಳ್ಳಬಹುದಲ್ಲ.

ಪೋರ್ಟ್_123
@ಕೆಂಗೇರಿ_ಫ್ರಂಟೆಂಡ್ ಆ ಹೆಡರಿನಲ್ಲಿ ಸೆಕೆಂಡಿನ ತನಕ ಮಾತ್ರ ಇರುತ್ತದೆ, ಮಿಲಿಸೆಕೆಂಡ್ ಇಲ್ಲ. ಮಧ್ಯದಲ್ಲಿ ಸಿಡಿಎನ್ (ಪುಟಗಳ ಪ್ರತಿ ಇಟ್ಟುಕೊಂಡು ಹಂಚುವ ಸರ್ವರುಗಳು) ಇದ್ದರೆ ಹಳೇ ಕ್ಯಾಶಿನ ಡೇಟ್ ಬರಬಹುದು. ನಿಮ್ಮ ಎಪಿಐ, ಅಂದರೆ ಆ್ಯಪ್ ಮಾತಾಡುವ ಸರ್ವರ್ ವಿಳಾಸ, ಬೇರೆ ಡೊಮೇನಿನಲ್ಲಿದ್ದರೆ ಸರ್ವರ್ ಒಪ್ಪಿಗೆ ಕೊಡದೆ ಆ ಹೆಡರ್ ಓದಲೂ ಆಗುವುದಿಲ್ಲ. ಶಾರ್ಜಾದ ಒಂದೂವರೆ ಗಂಟೆ ಹಿಡಿಯಲು ಸಾಕು, ಆಂಟಿಯ ಜಗಳಕ್ಕೆ ಸಾಲದು.

ಕೆಂಗೇರಿ_ಫ್ರಂಟೆಂಡ್
ಸರಿ, ಒಪ್ಪಿದೆ. ಹಾಗಾದರೆ ಪಿಂಗ್ ಒಂದೇ ಸಲ ಸಾಕಾ?

ಹೆಬ್ಬಾಳ_ಗೇಮ್_ದೇವ್
ಸಾಲದು. ಏಳೆಂಟು ಸಲ ಕಳಿಸಿ. ಸರಾಸರಿ ತೆಗೆಯಬೇಡಿ, ಎಲ್ಲಕ್ಕಿಂತ ಬೇಗ ಹೋಗಿಬಂದ ಪಿಂಗ್ ಯಾವುದೋ ಅದನ್ನು ಮಾತ್ರ ನಂಬಿ. ತಡವಾಗಿ ಬಂದದ್ದು ಎಲ್ಲೋ ಕ್ಯೂನಲ್ಲಿ ಸಿಕ್ಕಿಕೊಂಡಿರುತ್ತದೆ. ಮೊಬೈಲ್ ಡೇಟಾ ಆದರೆ ಮೊದಲ ಪಿಂಗನ್ನು ಎಸೆದುಬಿಡಿ. ಮಲಗಿದ್ದ ರೇಡಿಯೋ ಎದ್ದು ಕೂರಲು ಹೊತ್ತು ತೆಗೆದುಕೊಳ್ಳುತ್ತದೆ.

ಇನ್ನೂ ಒಂದು. ಕೌಂಟ್‌ಡೌನ್ ನಡೆಯುವಾಗ ಡೇಟ್.ನೌ ಮುಟ್ಟಲೇಬೇಡಿ. ಹರಾಜಿನ ಮಧ್ಯೆ ಫೋನ್ ತನ್ನಷ್ಟಕ್ಕೆ ಟೈಮ್ ಸರಿಮಾಡಿಕೊಂಡರೆ ನಿಮ್ಮ ಕೌಂಟ್‌ಡೌನ್ ಹಾರಿಬಿಡುತ್ತದೆ. ಪರ್ಫಾರ್ಮೆನ್ಸ್.ನೌ ಬಳಸಿ. ಅದು ಸ್ಟಾಪ್‌ವಾಚ್, ಹಿಂದಕ್ಕೆ ಹೋಗುವುದೇ ಇಲ್ಲ.

ಬನಶಂಕರಿ_ಬ್ಯಾಕೆಂಡ್
ಅದಕ್ಕೂ ಒಂದು ಕಾಯಿಲೆ ಇದೆ. ಲ್ಯಾಪ್‌ಟಾಪ್ ಮುಚ್ಚಿಟ್ಟು ಸ್ಲೀಪಿಗೆ ಹೋದರೆ ಕೆಲವು ಬ್ರೌಸರುಗಳಲ್ಲಿ, ಕೆಲವು ಸಿಸ್ಟಮ್ಮುಗಳಲ್ಲಿ ಆ ಸ್ಟಾಪ್‌ವಾಚೂ ನಿದ್ದೆ ಮಾಡುತ್ತದೆ. ಎದ್ದಾಗ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಹಾಗಾಗಿ ಟ್ಯಾಬ್ ಮತ್ತೆ ಕಣ್ಣಿಗೆ ಬಿದ್ದ ತಕ್ಷಣ, ಅಂದರೆ ವಿಸಿಬಿಲಿಟಿಚೇಂಜ್ ಇವೆಂಟ್ ಬಂದಾಗ, ಹೊಸದಾಗಿ ಪಿಂಗ್ ಮಾಡಿ.

ಸೆಟ್‌ಇಂಟರ್ವಲ್ ಅನ್ನುವ ಟೈಮರ್ ಇಟ್ಟು ಸೆಕೆಂಡಿಗೆ ಒಂದೊಂದೇ ಕಳೆಯುತ್ತಾ ಹೋಗುವುದೂ ಬೇಡ. ಮರೆಯಲ್ಲಿರುವ ಟ್ಯಾಬಿನ ಟೈಮರನ್ನು ಕ್ರೋಮ್ ಸೆಕೆಂಡಿಗೆ ಒಂದು ಸಲಕ್ಕೆ ಇಳಿಸುತ್ತದೆ. 88ನೇ ಆವೃತ್ತಿಯಿಂದ ಐದು ನಿಮಿಷ ಮರೆಯಲ್ಲಿದ್ದ ಪುಟದ ಟೈಮರನ್ನು ನಿಮಿಷಕ್ಕೆ ಒಂದು ಸಲಕ್ಕೂ ಇಳಿಸಬಹುದು. ನಿಮ್ಮ ಸದಸ್ಯರು ವಾಟ್ಸ್‌ಆ್ಯಪ್ ನೋಡಿ ವಾಪಸ್ ಬರುವಷ್ಟರಲ್ಲಿ ಕೌಂಟ್‌ಡೌನ್ ಸುಳ್ಳು ಹೇಳುತ್ತಿರುತ್ತದೆ. ಪ್ರತಿ ಸಲ ತೋರಿಸುವಾಗಲೂ ಮುಗಿಯುವ ಸಮಯದಿಂದ ಹೊಸದಾಗಿ ಲೆಕ್ಕ ಹಾಕಿ.

ಜಾಲಹಳ್ಳಿ_ನಿವೃತ್ತ
ಮಕ್ಕಳಾ, ಇದನ್ನೆಲ್ಲ ಓದಿ ನಗು ಬಂತು. ನಾವು ಆಕಾಶವಾಣಿಯ ‘ಪೀಂ ಪೀಂ’ ಕೇಳಿ ಎಚ್‌ಎಂಟಿ ವಾಚಿಗೆ ಟೈಮ್ ಇಟ್ಟುಕೊಳ್ಳುತ್ತಿದ್ದ ಕಾಲದವರು. 1961ರಲ್ಲಿ ಇದೇ ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ವಾಚ್ ಕಾರ್ಖಾನೆ ಶುರುವಾಗಿದ್ದು. ಬೆಳಿಗ್ಗೆ ಕೀ ಕೊಡುವುದು, ರೇಡಿಯೋ ಕೇಳುವುದು, ಮುಳ್ಳು ಸರಿಮಾಡುವುದು. ಇಡೀ ಬೀದಿಗೆ ಒಂದೇ ಟೈಮ್.

ಸುಮ್ನೆ_ಬಂದೆ
@ಜಾಲಹಳ್ಳಿ_ನಿವೃತ್ತ ಅಂಕಲ್, ಲಾಲ್‌ಬಾಗಿನ ಹೂವಿನ ಗಡಿಯಾರವೂ ಎಚ್‌ಎಂಟಿಯದೇ ಅಲ್ವಾ?

ಜಾಲಹಳ್ಳಿ_ನಿವೃತ್ತ
ಹೌದಪ್ಪ. ಅದನ್ನು ನೋಡಿ ಟೈಮ್ ಇಟ್ಟುಕೊಳ್ಳಬೇಡ ಅಷ್ಟೇ.

ತತ್ಕಾಲ್_ತಪಸ್ವಿ
ಹುಬ್ಬಳ್ಳಿ ರೈಲಿಗೆ ತತ್ಕಾಲ್ ಬುಕ್ ಮಾಡುವವರಿಗೆ ಈ ಪಾಠ ಯಾವತ್ತೋ ಆಗಿದೆ. ಎಸಿಗೆ ಹತ್ತು ಗಂಟೆ, ಸ್ಲೀಪರಿಗೆ ಹನ್ನೊಂದು. ಫೋನಿನಲ್ಲಿ ಹತ್ತಾಗಿದ್ದರೆ ಏನೂ ಪ್ರಯೋಜನವಿಲ್ಲ, ಅವರ ಸರ್ವರಿನಲ್ಲಿ ಹತ್ತಾಗಬೇಕು.

ಕೋರಮಂಗಲ_ಪಿಎಂ
ಎಲ್ಲ ಸರಿ, ಆದರೆ ಟೈಮ್ ಕೂಡಿಸಿದ ಮಾತ್ರಕ್ಕೆ ನ್ಯಾಯ ಸಿಕ್ಕಿತಾ? ನನ್ನ ಮನೆಗೆ ಫೈಬರ್ ಇದೆ, ಒತ್ತಿದ್ದು 20 ಮಿಲಿಸೆಕೆಂಡಿನಲ್ಲಿ ಸರ್ವರಿಗೆ ಹೋಗುತ್ತದೆ. ಮೂಡಿಗೆರೆ ತೋಟದಲ್ಲಿ ಒಂದು ಕಡ್ಡಿ ಸಿಗ್ನಲ್‌ನಲ್ಲಿ ಕೂತವರದು ಅರ್ಧ ಸೆಕೆಂಡ್ ತೆಗೆದುಕೊಳ್ಳುತ್ತದೆ. ಇಬ್ಬರೂ ಒಂದೇ ಮೊತ್ತಕ್ಕೆ ಒಂದೇ ಕ್ಷಣದಲ್ಲಿ ಒತ್ತಿದರೆ ಯಾವಾಗಲೂ ನಾನೇ ಗೆಲ್ಲುತ್ತೇನೆ. ಬಟನ್ ಒತ್ತಿದ ಕ್ಷಣವನ್ನು ಬ್ರೌಸರೇ ಬರೆದು ಕಳಿಸಲಿ, ಸರ್ವರ್ ಅದನ್ನು ನೋಡಿ ತೀರ್ಮಾನಿಸಲಿ.

ಹೆಬ್ಬಾಳ_ಗೇಮ್_ದೇವ್
@ಕೋರಮಂಗಲ_ಪಿಎಂ ದುಡ್ಡಿನ ವಿಷಯದಲ್ಲಿ ಬ್ರೌಸರ್ ಹೇಳಿದ ಟೈಮ್ ನಂಬುವುದಾ? ಫೋನಿನ ತಾರೀಕು ಮುಂದಕ್ಕೆ ಇಟ್ಟು ಗೇಮಿನಲ್ಲಿ ಲೈಫ್ ತುಂಬಿಸಿಕೊಳ್ಳುವುದು ಆರನೇ ಕ್ಲಾಸ್ ಹುಡುಗರಿಗೂ ಗೊತ್ತು. ಡೆವಲಪರ್ ಟೂಲ್ಸ್ ತೆರೆದು ‘ನಾನು ಅರ್ಧ ನಿಮಿಷ ಮೊದಲೇ ಒತ್ತಿದ್ದೆ’ ಅಂತ ಕಳಿಸಿದರೆ ಏನು ಮಾಡುತ್ತೀರಿ?

ಕೋರಮಂಗಲ_ಪಿಎಂ
ಅಳತೆ ಇದೆಯಲ್ಲ. ಆ ಸದಸ್ಯರ ಪಿಂಗ್ 400 ಅಂತ ಗೊತ್ತಿದ್ದರೆ, 200ರ ತನಕ ಹಿಂದಿನ ಟೈಮ್ ಒಪ್ಪಿ. ಅದಕ್ಕಿಂತ ಜಾಸ್ತಿ ಹೇಳಿದರೆ ಬೇಡ ಅನ್ನಿ.

ಹೆಬ್ಬಾಳ_ಗೇಮ್_ದೇವ್
ಆಗ ಮೋಸ ಮಾಡುವವನು ಪಿಂಗಿಗೆ ಬೇಕಂತಲೇ ತಡವಾಗಿ ಉತ್ತರ ಕೊಡುತ್ತಾನೆ. ನಿಮ್ಮ ಲೆಕ್ಕದಲ್ಲಿ ಅವನು ನಿಧಾನ, ನಿಜದಲ್ಲಿ ಎಲ್ಲರಿಗಿಂತ ವೇಗ. ಗೇಮಿಂಗಿನಲ್ಲಿ ಇದು ಹಳೇ ಆಟ.

ಕೋರಮಂಗಲ_ಪಿಎಂ
ಚೀಟಿಗೆ ಬರುವವರು ಹ್ಯಾಕರುಗಳಲ್ಲ ಮಾರಾಯ್ರೇ, ರಿಟೈರ್ ಆದ ಮೇಷ್ಟ್ರು, ಕಿರಾಣಿ ಅಂಗಡಿಯವರು.

ಎಸ್‌ಪಿ_ರೋಡ್_ಹಾರ್ಡ್‌ವೇರ್
ಅವರ ಮೊಮ್ಮಕ್ಕಳನ್ನು ನೀವು ನೋಡಿಲ್ಲ.

ಯಶವಂತಪುರ_ಮಂಡಿ
ನಾನು ಕೋಡ್ ಬರೆಯುವವನಲ್ಲ, ಹರಾಜು ನೋಡಿದವನು. ಎದುರಿಗೆ ಕೂಗುವ ಹರಾಜಿನಲ್ಲಿ ಗಡಿಯಾರ ಎಲ್ಲಿರುತ್ತದೆ? ‘ಒಂದನೇ ಸಲ, ಎರಡನೇ ಸಲ’ ಅಂತ ನಿಲ್ಲಿಸಿ ಎಲ್ಲರ ಮುಖ ನೋಡುತ್ತಾರೆ. ಯಾರಾದರೂ ಕೈ ಎತ್ತಿದರೆ ಮತ್ತೆ ಒಂದರಿಂದ. ಕೊನೆಯ ಸೆಕೆಂಡಿಗೆ ಯಾಕೆ ಜಗಳ? ಕೊನೆಯ ಸೆಕೆಂಡ್ ಅನ್ನುವುದೇ ಇಲ್ಲದ ಹಾಗೆ ಮಾಡಿ.

ಪೋರ್ಟ್_123
@ಯಶವಂತಪುರ_ಮಂಡಿ ಇಡೀ ಚರ್ಚೆಯಲ್ಲಿ ಸರಿಯಾದ ಮಾತು ಇದೇ. ಆನ್‌ಲೈನ್ ಹರಾಜಿನಲ್ಲೂ ಹೀಗೆ ಮಾಡುವವರಿದ್ದಾರೆ. ಕೊನೆಯ ಮೂವತ್ತು ಸೆಕೆಂಡಿನಲ್ಲಿ ಹೊಸ ಕೂಗು ಬಂದರೆ ಮುಗಿಯುವ ಸಮಯ ಇನ್ನೂ ಮೂವತ್ತು ಸೆಕೆಂಡ್ ಮುಂದಕ್ಕೆ ಹೋಗುತ್ತದೆ. ಆಗ ಮೂಡಿಗೆರೆಯ ಅರ್ಧ ಸೆಕೆಂಡಿಗೂ ಶಾರ್ಜಾದ ಕಾಲು ಸೆಕೆಂಡಿಗೂ ಬೆಲೆಯೇ ಇರುವುದಿಲ್ಲ. ಯಾರು ಮೊದಲು ಅನ್ನುವುದಕ್ಕೆ ಸರ್ವರಿಗೆ ಮುಟ್ಟಿದ ಕ್ರಮವೇ ಕೊನೆ ಮಾತು. ಬ್ರೌಸರಿನ ಟೈಮ್ ತೋರಿಸುವುದಕ್ಕೆ ಮಾತ್ರ, ತೀರ್ಮಾನಕ್ಕಲ್ಲ.

ಐಬೇಯಲ್ಲಿ ಮುಗಿಯುವ ಸಮಯ ಗಟ್ಟಿ. ಅದಕ್ಕೇ ಅಲ್ಲಿ ಕೊನೇ ಗಳಿಗೆಯಲ್ಲಿ ಬಂದು ಹೊಡೆದುಕೊಂಡು ಹೋಗುವವರ ಹಾವಳಿ.

ಕೋರಮಂಗಲ_ಪಿಎಂ
ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಸಮಯ ಮುಂದಕ್ಕೆ ಹೋಗುತ್ತಾ ಇದ್ದರೆ ಜನ ಆವೇಶದಲ್ಲಿ ಜಾಸ್ತಿ ಬಿಟ್ಟುಕೊಡುತ್ತಾರೆ. ಚೀಟಿಯಲ್ಲಿ ಅದು ಕಷ್ಟದಲ್ಲಿದ್ದವರ ದುಡ್ಡು.

ಕಾನೂನು_ಕಟ್ಟೆ
ಟೈಮ್ ಮುಂದೂಡುವ ಮೊದಲು ಚೀಟಿ ಒಪ್ಪಂದ ಓದಿ. ಹರಾಜು ಹೇಗೆ ನಡೆಯಬೇಕು ಅಂತ ಅದರಲ್ಲಿ ಬರೆದಿರುತ್ತದೆ. ನಿಮ್ಮಿಷ್ಟಕ್ಕೆ ಕೋಡ್ ಬದಲಾಯಿಸಿದರೆ ನಾಳೆ ರಿಜಿಸ್ಟ್ರಾರ್ ಮುಂದೆ ಆ ಆಂಟಿಯೇ ಗೆಲ್ಲುತ್ತಾರೆ. 1982ರ ಚೀಟಿ ನಿಧಿ ಕಾಯ್ದೆಯಂತೆ ಹರಾಜಿಗೆ ಕನಿಷ್ಠ ಇಬ್ಬರು ಸದಸ್ಯರು ಹಾಜರಿರಬೇಕು. ಅವರು ವಿಡಿಯೋ ಮೂಲಕ ಹಾಜರಾಗಬಹುದು, ಆದರೆ ಅದು ರೆಕಾರ್ಡ್ ಆಗಬೇಕು ಅಂತ 2019ರ ತಿದ್ದುಪಡಿಯಲ್ಲಿ ಸೇರಿಸಿದ್ದಾರೆ. ಅದೇ ತಿದ್ದುಪಡಿಯಲ್ಲಿ ಫೋರ್‌ಮನ್, ಅಂದರೆ ಚೀಟಿ ನಡೆಸುವವರ, ಕಮಿಷನ್ ಮಿತಿ ಶೇ. 5ರಿಂದ 7ಕ್ಕೆ ಏರಿತು, ನಿಮ್ಮ ಚಿಕ್ಕಪ್ಪನಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ.

ಇನ್ನೊಂದು ವಿಷಯ. ಬಿಡುವ ಮೊತ್ತಕ್ಕೆ ಮೇಲಿನ ಮಿತಿ ಇರುತ್ತದೆ. ಒಬ್ಬರಿಗಿಂತ ಹೆಚ್ಚು ಜನ ಆ ಮಿತಿ ಮುಟ್ಟಿದರೆ ಲಾಟರಿ ಎತ್ತಿ ನಿರ್ಧರಿಸುವುದು ಮೊದಲಿಂದಲೂ ಇರುವ ಕ್ರಮ. ಅಲ್ಲಿ ಮಿಲಿಸೆಕೆಂಡ್ ಪ್ರಶ್ನೆಯೇ ಇಲ್ಲ.

ರಾಜಾಜಿನಗರ_ಕೋಡರ್
@ಕಾನೂನು_ಕಟ್ಟೆ ಇದು ಬಹಳ ಉಪಯೋಗ ಆಯಿತು ಸರ್. ಮೊದಲ ಕೆಲವು ತಿಂಗಳು ಎಲ್ಲರೂ ಮಿತಿಗೇ ಹೋಗಿ ನಿಲ್ಲುತ್ತಾರೆ, ಲಾಟರಿ ಎತ್ತುತ್ತೇವೆ. ಜಗಳ ಆಗುವುದು ಆಮೇಲಿನ ತಿಂಗಳುಗಳಲ್ಲಿ. ಒಪ್ಪಂದ ತರಿಸಿ ನೋಡುತ್ತೇನೆ.

ಮಾನ್ಯತಾ_ಎಸ್‌ಆರ್‌ಇ
ಎಲ್ಲರೂ ಸರ್ವರ್ ಟೈಮ್ ಸರಿ ಅಂದುಕೊಂಡಿದ್ದೀರಿ. ಸರ್ವರ್ ಎರಡು ಇದ್ದರೆ? ಒಂದು 80 ಮಿಲಿಸೆಕೆಂಡ್ ಮುಂದಿದ್ದರೆ ಕೂಗುಗಳ ಕ್ರಮ ತಿರುವುಮುರುವು ಆಗುತ್ತದೆ. ಗೂಗಲ್ ತನ್ನ ಸ್ಪ್ಯಾನರ್ ಡೇಟಾಬೇಸಿಗೆ ಜಿಪಿಎಸ್ ರಿಸೀವರ್, ಪರಮಾಣು ಗಡಿಯಾರ ಎರಡನ್ನೂ ಇಟ್ಟಿದೆ. ಅಷ್ಟಾದರೂ ಅದು ‘ಈಗ ಇಷ್ಟೇ ಗಂಟೆ’ ಅನ್ನುವುದಿಲ್ಲ. ‘ಇಲ್ಲಿಂದ ಇಲ್ಲಿಯ ತನಕ ಎಲ್ಲೋ ಇದೆ’ ಅಂತ ಒಂದು ಅಂತರ ಕೊಡುತ್ತದೆ, ಅಷ್ಟು ಹೊತ್ತು ಕಾದು ಮುಂದುವರಿಯುತ್ತದೆ. ಕಂಪ್ಯೂಟರ್ ವಿಜ್ಞಾನಿ ಲ್ಯಾಂಪೋರ್ಟ್ 1978ರಲ್ಲೇ ಹೇಳಿದ್ದರು, ಯಾವುದು ಮೊದಲು ಅಂತ ತಿಳಿಯಲು ಗಡಿಯಾರ ಬೇಕೇ ಬೇಕು ಅಂತಿಲ್ಲ, ಎಣಿಕೆ ಸಾಕು.

ಸುಮ್ನೆ_ಬಂದೆ
ನಲವತ್ತು ಜನರ ಚೀಟಿಗೆ ಪರಮಾಣು ಗಡಿಯಾರ 😂

ಮಾನ್ಯತಾ_ಎಸ್‌ಆರ್‌ಇ
@ಸುಮ್ನೆ_ಬಂದೆ ಅದಕ್ಕೇ ಎಣಿಕೆ ಸಾಕು ಅಂದೆ. ಒಂದೇ ಡೇಟಾಬೇಸ್, ಪ್ರತಿ ಕೂಗಿಗೂ ಒಂದು ಕ್ರಮಸಂಖ್ಯೆ. ಸರ್ವರಿನಲ್ಲಿ ಕ್ರೋನಿ ಅನ್ನುವ ಎನ್‌ಟಿಪಿ ಸಾಫ್ಟ್‌ವೇರ್ ಹಾಕಿ. ಟೈಮ್ ಎಲ್ಲಿಂದ ಪಡೆಯಬೇಕು ಅನ್ನುವುದಕ್ಕೂ ಭಾರತದಲ್ಲಿ ಆದೇಶ ಇದೆ. 2022ರ ಏಪ್ರಿಲ್‌ನಲ್ಲಿ ಸೈಬರ್ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಸರ್ಟ್-ಇನ್ ಹೊರಡಿಸಿದ್ದು. ಕೇಂದ್ರ ಸರ್ಕಾರದ ಐಟಿ ಸಂಸ್ಥೆ ಎನ್‌ಐಸಿ ಅಥವಾ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎನ್‌ಟಿಪಿ ಸರ್ವರಿಗೆ, ಇಲ್ಲವೇ ಅವಕ್ಕೆ ಹೊಂದಿಕೊಂಡ ಸರ್ವರಿಗೆ ಜೋಡಿಸಬೇಕು.

ಬ್ಯಾಡರಹಳ್ಳಿ_ಬಾಹ್ಯಾಕಾಶ
ದೆಹಲಿ ತನಕ ಯಾಕೆ ಹೋಗುತ್ತೀರಿ, ನಮ್ಮ ಬ್ಯಾಲಾಳಿನಲ್ಲೇ ಜಿಪಿಎಸ್ ಹಾಗೆ ಸ್ಥಾನ ಹೇಳುವ ಇಸ್ರೋದ ನಾವಿಕ್ ಉಪಗ್ರಹಗಳ ಸಮಯ ಕಾಯುವ ಕೇಂದ್ರ ಇದೆ. ಮೊದಲ ಉಪಗ್ರಹದ ಮೂರೂ ರುಬಿಡಿಯಮ್ ಗಡಿಯಾರ ಕೆಟ್ಟು ಎಷ್ಟು ಸುದ್ದಿ ಆಯಿತು, ನೆನಪಿದೆಯಾ? ಗಡಿಯಾರ ಕೆಟ್ಟರೆ ಸ್ಥಾನ ಹೇಳುವುದೇ ಆಗುವುದಿಲ್ಲ.

ಜಯನಗರ_4ನೇ_ಬ್ಲಾಕ್
ಭೂಮಿಯ ತಿರುಗುವಿಕೆಗೆ ಹೊಂದಿಸಲು ಯುಟಿಸಿಗೆ ಸೇರಿಸುವ ಲೀಪ್ ಸೆಕೆಂಡ್ ಬಂದರೆ ಹರಾಜು ಏನಾಗುತ್ತದೆ?

ಮಾನ್ಯತಾ_ಎಸ್‌ಆರ್‌ಇ
@ಜಯನಗರ_4ನೇ_ಬ್ಲಾಕ್ ಕೊನೆಯದು ಬಂದದ್ದು 2016ರ ಡಿಸೆಂಬರ್ 31ರ ಯುಟಿಸಿ ನಡುರಾತ್ರಿ, ನಮಗೆ ಹೊಸ ವರ್ಷದ ಬೆಳಿಗ್ಗೆ 5:30. ಆ ಹೊತ್ತಿಗೆ ಯಾರೂ ಚೀಟಿ ಕೂಗುವುದಿಲ್ಲ. 2012ರಲ್ಲಿ ಮಾತ್ರ ಲಿನಕ್ಸ್ ಕರ್ನಲ್ ದೋಷದಿಂದ ರೆಡಿಟ್ ಸೇರಿ ಹಲವು ಸೈಟುಗಳು ಮಲಗಿದ್ದವು. 2035ರ ಒಳಗೆ ಈ ಪದ್ಧತಿಯನ್ನೇ ಕೈಬಿಡುವುದು ಅಂತ 2022ರಲ್ಲಿ ತೀರ್ಮಾನ ಆಗಿದೆ.

ರಾಜಾಜಿನಗರ_ಕೋಡರ್
ಅಪ್‌ಡೇಟ್. ವೆಬ್‌ಸಾಕೆಟ್ ಪಿಂಗ್ ಹಾಕಿದೆ, ಪರ್ಫಾರ್ಮೆನ್ಸ್.ನೌಗೆ ಬದಲಾಯಿಸಿದೆ. ಪಕ್ಕಪಕ್ಕ ಇಟ್ಟ ಫೋನುಗಳಲ್ಲಿ ಈಗ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಒಂದರ ಟೈಮ್ ಬೇಕಂತಲೇ ಕೆಡಿಸಿದರೂ ಕೌಂಟ್‌ಡೌನ್ ಸರಿ ಬರುತ್ತದೆ. ಸ್ಕ್ರೀನಿನ ಮೂಲೆಯಲ್ಲಿ ‘ನಿಮ್ಮ ಗಡಿಯಾರ ಇಷ್ಟು ಹಿಂದಿದೆ’ ಅಂತಲೂ ತೋರಿಸುತ್ತಿದ್ದೇನೆ.

ಮುಂದೂಡುವ ವಿಷಯಕ್ಕೆ ಚಿಕ್ಕಪ್ಪ ಅರ್ಧ ಒಪ್ಪಿದ್ದಾರೆ. ‘ಹೀಗೇ ಮುಂದಕ್ಕೆ ಹೋದರೆ ಊಟಕ್ಕೆ ಏಳುವುದು ಯಾವಾಗ’ ಅನ್ನುತ್ತಾರೆ. ಒಪ್ಪಂದಕ್ಕೆ ತಿದ್ದುಪಡಿ ಬೇಕಾದರೆ ಮುಂದಿನ ಗುಂಪಿಗೆ ಮಾತ್ರ ಮಾಡುತ್ತೇವೆ. ಈ ಗುಂಪಿಗೆ ಅಲ್ಲಿಯ ತನಕ ಏನು ಮಾಡಲಿ?

ಬನಶಂಕರಿ_ಬ್ಯಾಕೆಂಡ್
ಸ್ಕ್ರೀನಿನಲ್ಲಿ ಒಂದು ಸೆಕೆಂಡ್ ಮೊದಲೇ ಸೊನ್ನೆ ತೋರಿಸಿ ಬಟನ್ ಮುಚ್ಚಿ. ಸರ್ವರ್ ನಿಜವಾದ ಸಮಯಕ್ಕೇ ಮುಚ್ಚಲಿ. ಆಗ ಬಟನ್ ಒತ್ತಲು ಬಿಟ್ಟ ಕೂಗು ಹೆಚ್ಚುಕಡಿಮೆ ಒಳಗೆ ಬಂದೇ ಬರುತ್ತದೆ. ‘ಒತ್ತಿದೆ, ತೆಗೆದುಕೊಳ್ಳಲಿಲ್ಲ’ ಅನ್ನುವ ಜಗಳ ನಿಲ್ಲುತ್ತದೆ.

ಕೋರಮಂಗಲ_ಪಿಎಂ
ಇದಕ್ಕೆ ನನ್ನದೂ ಓಟು. ಜೊತೆಗೆ ಕೂಗು ಮುಟ್ಟಿತು ಅಂತ ಸರ್ವರ್ ಹೇಳಿದ ಮೇಲೆ ಮಾತ್ರ ಹಸಿರು ಟಿಕ್ ತೋರಿಸಿ. ಒತ್ತಿದ ತಕ್ಷಣ ತೋರಿಸಬೇಡಿ, ಅದರ ಸ್ಕ್ರೀನ್‌ಶಾಟ್ ತೆಗೆದರೆ ಮತ್ತೆ ಪಂಚಾಯ್ತಿ.

ವಿಜಯನಗರ_ಕ್ವಿಜ್
ನಮ್ಮ ಅಪಾರ್ಟ್‌ಮೆಂಟಿನ ರಾಜ್ಯೋತ್ಸವ ಕ್ವಿಜ್‌ಗೆ ಆನ್‌ಲೈನ್ ಬಜರ್ ಬೇಕು. ಇದೇ ಕೋಡ್ ಗಿಟ್‌ಹಬ್‌ಗೆ ಹಾಕುತ್ತೀರಾ?

ಹೆಬ್ಬಾಳ_ಗೇಮ್_ದೇವ್
@ವಿಜಯನಗರ_ಕ್ವಿಜ್ ಬಜರ್ ಬೇರೆ ಲೆಕ್ಕ. ಅಲ್ಲಿ ಮಿಲಿಸೆಕೆಂಡೇ ಎಲ್ಲ, ಮುಂದೂಡಲು ಆಗುವುದಿಲ್ಲ. ಪ್ರಶ್ನೆ ಸ್ಕ್ರೀನಿಗೆ ಬಂದ ಕ್ಷಣದಿಂದ ಒತ್ತಿದ ಕ್ಷಣದ ತನಕ ಆ ಫೋನೇ ಅಳೆದು ಕಳಿಸಲಿ, ಕಡಿಮೆ ಹೊತ್ತು ತೆಗೆದುಕೊಂಡವರು ಗೆದ್ದರು. ಆಗ ಗಡಿಯಾರ ಕೂಡಿಸುವ ಗೋಜೇ ಬೇಡ. ಮೋಸ ಮಾಡಬಹುದು, ಆದರೆ ಬಹುಮಾನ ಸ್ಟೀಲ್ ಡಬ್ಬಿ ತಾನೇ?

ವಿಜಯನಗರ_ಕ್ವಿಜ್
ಈ ಸಲ ಪ್ರೆಷರ್ ಕುಕ್ಕರ್.

ಹೆಬ್ಬಾಳ_ಗೇಮ್_ದೇವ್
ಹಾಗಾದರೆ ಎಲ್ಲರನ್ನೂ ಕ್ಲಬ್‌ಹೌಸಿಗೆ ಕರೆದು ಕೈ ಎತ್ತಿಸಿ.